ಬೀಗದ ಕೈ ಯಾರ ಸೊಂಟದಲ್ಲಿ?

ನಮ್ಮ ಅಜ್ಜಿಯ ಸೊಂಟದಲ್ಲಿ ಯಾವಾಗಲೂ ಒಂದು ಬೀಗದ ಕೈ ಗೊಂಚಲು ಇರುತ್ತಿತ್ತು. ಉಗ್ರಾಣದ್ದು, ದೇವರ ಕೋಣೆಯ ಪೆಟ್ಟಿಗೆಯದು, ಅಜ್ಜನ ಕಾಗದಪತ್ರಗಳ ಸಂದೂಕದ್ದು, ಹೀಗೆ ಆರೇಳು ಕೈಗಳು. ಅವಳು ನಡೆದರೆ ಸಣ್ಣಗೆ ಸದ್ದು ಬರುತ್ತಿತ್ತು. ಮನೆಯಲ್ಲಿದ್ದ ಹದಿನೆಂಟು ಜನಕ್ಕೂ ಯಾವ ಪೆಟ್ಟಿಗೆ ಯಾರದು ಎಂಬುದು ಗೊತ್ತಿತ್ತು. ಬೀಗಗಳೇನೋ ನಮ್ಮಿಂದ ನಮ್ಮನ್ನು ಕಾಯುವುದಕ್ಕೆ ಇದ್ದವು. ಆದರೆ ಕೈಗೊಂಚಲು ಹೊತ್ತ ಅಜ್ಜಿಯಿಂದ ಅವುಗಳನ್ನು ಕಾಯುವವರು ಯಾರು ಎಂಬ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹುಟ್ಟಲಿಲ್ಲ. ಅಜ್ಜಿ ಎಂದರೆ ಅಜ್ಜಿ.

ಈ ಪ್ರಶ್ನೆ ನನಗೆ ಹುಟ್ಟಿದ್ದು ಬಹಳ ತಡವಾಗಿ, 1991ರ ನಂತರ. ಅದೂ ತಪ್ಪು ಮಾಡಿದ ಮೇಲೆ.

ಆಗ ನಾನು ಮಲೆನಾಡಿನ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಆ ವರ್ಷ ನಮ್ಮ ಕಾಲೇಜಿಗೆ ಒಂದು ಕಂಪ್ಯೂಟರು ಬಂತು. ಒಂದೇ ಯಂತ್ರ. ಅದಕ್ಕೆ ತಂತಿ ಎಳೆದು ಕೂಡಿಸಿದ ಆರು ಟರ್ಮಿನಲ್ಲುಗಳು. ಆರು ಜನ ಒಂದೇ ಹೊತ್ತಿಗೆ ಕೂತು ಕೆಲಸ ಮಾಡಬಹುದಾಗಿತ್ತು. ಇಡೀ ಕಾಲೇಜಿನಲ್ಲಿ ಏರ್‌ಕಂಡೀಷನರ್ ಇದ್ದದ್ದು ಆ ಕೋಣೆಗೆ ಮಾತ್ರ. ಪ್ರಿನ್ಸಿಪಾಲರೂ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಯಂತ್ರದೊಳಗೆ ಯೂನಿಕ್ಸ್ ಎಂಬ ವ್ಯವಸ್ಥೆ ಇತ್ತು. ಗಣಿತದವರಿಗೆ ಕಂಪ್ಯೂಟರು ಬರುತ್ತದೆ ಎಂಬ ಆಗಿನ ಸಾಮಾನ್ಯ ತಿಳುವಳಿಕೆಯಂತೆ ಅದರ ಉಸ್ತುವಾರಿ ನನ್ನ ಹೆಗಲಿಗೆ ಬಿತ್ತು.

ಉಸ್ತುವಾರಿ ಎಂದರೆ ಏನು ಎಂಬುದನ್ನು ಸ್ವಲ್ಪ ಹೇಳಬೇಕು. ಬಳಸುವ ಪ್ರತಿಯೊಬ್ಬರಿಗೂ ಯಂತ್ರದಲ್ಲಿ ಒಂದು ಖಾತೆ ತೆರೆಯಬೇಕು. ಖಾತೆಗೆ ಒಂದು ಹೆಸರು, ಒಂದು ಗುಟ್ಟಿನ ಮಾತು, ಅಂದರೆ ಪಾಸ್‌ವರ್ಡು. ಒಳಗೆ ಬಂದವರು ಬರೆದಿಟ್ಟ ಪ್ರತಿಯೊಂದು ಫೈಲಿಗೂ ಮೂರು ಅಂಕಿಗಳ ಒಂದು ಸಂಖ್ಯೆ ಅಂಟಿಕೊಂಡಿರುತ್ತದೆ. ಮೊದಲ ಅಂಕಿ ಫೈಲಿನ ಒಡೆಯನಿಗೆ, ಎರಡನೆಯದು ಅವನ ಗುಂಪಿನವರಿಗೆ, ಮೂರನೆಯದು ಉಳಿದ ಲೋಕಕ್ಕೆ. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ಪ್ರೋಗ್ರಾಮಾಗಿ ಓಡಿಸುವ ಹಕ್ಕಿಗೆ 1. ಬೇಕಾದ ಹಕ್ಕುಗಳನ್ನು ಕೂಡಿದರೆ ಆಯಿತು. 644 ಎಂದರೆ ನಾನು ಓದಿ ಬರೆಯಬಲ್ಲೆ, ಉಳಿದವರು ಓದಬಹುದು ಅಷ್ಟೆ. 600 ಎಂದರೆ ನಾನು ಮಾತ್ರ. ಬೇರೆ ಯಾರೂ ಇತ್ತ ಕಣ್ಣು ಹಾಯಿಸುವಂತಿಲ್ಲ.

ಯಾರೂ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಯೂನಿಕ್ಸ್‌ನಲ್ಲಿ ರೂಟ್ ಎಂಬ ಒಂದು ಖಾತೆ ಉಂಟು. ಬೇರು ಎಂದು ಅದರ ಅರ್ಥ. ಆ ಖಾತೆಯಿಂದ ಒಳಗೆ ಬಂದವನಿಗೆ 600, 644 ಯಾವುದೂ ಲೆಕ್ಕಕ್ಕಿಲ್ಲ. ಅವನು ಏನನ್ನೂ ಓದಬಲ್ಲ, ಏನನ್ನೂ ಅಳಿಸಬಲ್ಲ. ಅಜ್ಜಿಯ ಕೈಗೊಂಚಲು ಅದು. ಅದು ನನ್ನ ಸೊಂಟದಲ್ಲಿತ್ತು.

ನನ್ನ ಹೊರತು ಆ ಯಂತ್ರವನ್ನು ಮನಸ್ಸಿಟ್ಟು ಕಲಿತವರೆಂದರೆ ನಮ್ಮ ಫಿಸಿಕ್ಸ್ ಮೇಷ್ಟ್ರು. ಮಿತಭಾಷಿ. ಮನೆಯಂಗಳದಲ್ಲಿ ಮಳೆ ಅಳೆಯುವ ಮಾಪಕ ಇಟ್ಟುಕೊಂಡು ದಿನಾ ಬೆಳಿಗ್ಗೆ ಎಂಟೂವರೆಗೆ ನೀರು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುವ ಮನುಷ್ಯ. ಸಂಜೆ ಇಬ್ಬರೂ ಆ ತಣ್ಣನೆಯ ಕೋಣೆಯಲ್ಲಿ ಅಕ್ಕಪಕ್ಕದ ಟರ್ಮಿನಲ್ಲಿನಲ್ಲಿ ಕೂತಿರುತ್ತಿದ್ದೆವು. ಫೈಲಿಗೆ ಅಂಕಿ ಹಾಕುವುದನ್ನು ಅವರಿಗೆ ಹೇಳಿಕೊಟ್ಟವನು ನಾನೇ.

ಒಂದು ದಿನ ಡಿಸ್ಕು ತುಂಬಿಹೋಯಿತು. ಆಗಿನ ಡಿಸ್ಕಿನಲ್ಲಿ ಹಿಡಿಯುತ್ತಿದ್ದದ್ದೇ 80 ಮೆಗಾಬೈಟು. ಈಗ ನಮ್ಮ ಮೊಬೈಲಿನ ಒಂದು ಸಣ್ಣ ವೀಡಿಯೋಗೂ ಅದು ಸಾಲದು. ಬೇಡದ ಫೈಲುಗಳನ್ನು ಅಳಿಸೋಣವೆಂದು ರೂಟ್ ಆಗಿ ಒಳಹೊಕ್ಕು ಒಬ್ಬೊಬ್ಬರ ಕಪಾಟನ್ನೂ ನೋಡುತ್ತಾ ಹೋದೆ. ಫಿಸಿಕ್ಸ್ ಮೇಷ್ಟ್ರ ಕಪಾಟಿನಲ್ಲಿ ಒಂದು ಫೈಲಿನ ಹೆಸರು ಅರ್ಜಿ ಎಂಬ ಅರ್ಥ ಕೊಡುವಂತಿತ್ತು. ಅದು ದೊಡ್ಡ ಫೈಲೇನೂ ಅಲ್ಲ. ಅಳಿಸಿದರೂ ಡಿಸ್ಕಿಗೆ ಆಗುವ ಉಪಕಾರ ಸೊನ್ನೆ. ಅದನ್ನು ತೆರೆಯಲು ನನಗೆ ಯಾವ ಕಾರಣವೂ ಇರಲಿಲ್ಲ. ತೆರೆದೆ. ಮೈಸೂರಿನ ಒಂದು ಕಾಲೇಜಿಗೆ ಅವರು ಬರೆದ ಕೆಲಸದ ಅರ್ಜಿ ಅದು.

ಎರಡು ದಿನ ಬಿಟ್ಟು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ, ಏಳೆಂಟು ಜನರ ಎದುರಿಗೆ, ನಾನು ತಮಾಷೆಗೆಂದು "ಮೈಸೂರಲ್ಲಿ ಬಾಡಿಗೆ ಮನೆ ಸಿಗೋದು ಬಾಳ ಕಷ್ಟವಂತೆ ಮಾರಾಯ್ರೆ" ಎಂದು ಅವರ ಕಡೆ ನೋಡಿ ನಕ್ಕೆ. ನನ್ನದು ಜಾಣತನದ ಮಾತು ಎಂದುಕೊಂಡಿದ್ದೆ. ಸಣ್ಣ ಊರಿನಲ್ಲಿ ಅಷ್ಟು ಮಾತು ಸಾಕು. ವಾರದೊಳಗೆ ಅದು ಆಡಳಿತ ಮಂಡಳಿಯವರ ಕಿವಿಗೆ ಬಿತ್ತು. ಬೇರೆ ಕಡೆ ಸೇರಲು ಬೇಕಾದ ನಿರಾಕ್ಷೇಪಣಾ ಪತ್ರ ಅವರಿಗೆ ಸಕಾಲಕ್ಕೆ ಸಿಗಲಿಲ್ಲ. ಕೆಲಸ ಇನ್ನೊಬ್ಬರ ಪಾಲಾಯಿತು.

ಅವರು ಜಗಳ ಮಾಡಲಿಲ್ಲ. ಒಂದು ಸಂಜೆ ಕಂಪ್ಯೂಟರು ಕೋಣೆಯ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ತಲೆ ಎತ್ತದೆ ಒಂದು ಮಾತು ಹೇಳಿದರು. "ನಾನು ಆರುನೂರು ಹಾಕಿದ್ದೆ ಮೇಷ್ಟ್ರೆ."

ಮರುದಿನ ನೋಡಿದರೆ ಅವರ ಕಪಾಟು ಖಾಲಿ.

*

ತಪ್ಪು ಮಾಡಿದವನು ತನ್ನಂತೆ ಮಾಡಿದ ಬೇರೆಯವರನ್ನು ಹುಡುಕುತ್ತಾನಂತೆ. ನಾನು ಈ ಬೀಗಗಳ ಚರಿತ್ರೆಯನ್ನು ಓದಲು ಹೊರಟದ್ದು ಬಹುಶಃ ಹಾಗೆಯೇ. ಓದುತ್ತಾ ಹೋದಂತೆ ಒಂದು ವಿಷಯ ಮನದಟ್ಟಾಯಿತು. ಈ ಚರಿತ್ರೆ ಕಳ್ಳರಿಂದ ಶುರುವಾಗಲಿಲ್ಲ. ಒಂದೇ ಸೂರಿನಡಿ ಇದ್ದ ಗೆಳೆಯರಿಂದ ಶುರುವಾಯಿತು.

1950ರ ದಶಕದಲ್ಲಿ ಕಂಪ್ಯೂಟರಿಗೆ ಖಾತೆ, ಪಾಸ್‌ವರ್ಡು ಯಾವುದೂ ಬೇಕಿರಲಿಲ್ಲ. ರಂಧ್ರ ಹೊಡೆದ ಕಾರ್ಡುಗಳ ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು ಬರುವುದು, ಸರದಿ ಬಂದಾಗ ಯಂತ್ರ ಅದನ್ನು ನುಂಗಿ ಉತ್ತರ ಕೊಡುವುದು, ಇವನದು ಮುಗಿದ ಮೇಲೆ ಇನ್ನೊಬ್ಬನದು. ಯಂತ್ರದೊಳಗೆ ಇಬ್ಬರು ಒಟ್ಟಿಗೆ ಇರುತ್ತಲೇ ಇರಲಿಲ್ಲವಾದ್ದರಿಂದ ನನ್ನದು ನಿನ್ನದು ಎಂಬುದೂ ಇರಲಿಲ್ಲ. 1961ರಲ್ಲಿ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಒಟ್ಟಿಗೆ ಬಳಸುವ ವ್ಯವಸ್ಥೆಯೊಂದನ್ನು ಮಾಡಿ ತೋರಿಸಿದರು. ಸಿಟಿಎಸ್ಎಸ್ ಎಂದು ಅದರ ಹೆಸರು. ಕೂಡು ಕುಟುಂಬವಾಯಿತು, ಪೆಟ್ಟಿಗೆಗಳು ಬೇರೆಯಾದವು, ಬೀಗ ಬೇಕಾಯಿತು. ಒಬ್ಬೊಬ್ಬರ ಫೈಲು ಒಬ್ಬೊಬ್ಬರಿಗೆ, ಒಬ್ಬೊಬ್ಬರಿಗೆ ವಾರಕ್ಕೆ ಇಷ್ಟು ಹೊತ್ತು ಎಂದು ಹಂಚಿಕೆ. ಇದನ್ನು ಕಾಯಲು ಕೊರ್ಬಾಟೊ ಪಾಸ್‌ವರ್ಡು ತಂದರು. ನಾವು ದಿನಕ್ಕೆ ಹತ್ತು ಸಲ ಒತ್ತುವ ಗುಟ್ಟಿನ ಮಾತುಗಳ ವಂಶ ಅಲ್ಲಿಗೆ ಹೋಗಿ ಮುಟ್ಟುತ್ತದೆ.

ಬೀಗ ಬಿದ್ದು ಒಂದು ವರ್ಷವೂ ಸರಿಯಾಗಿ ಆಗಿರಲಿಲ್ಲ. ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ನಾಲ್ಕು ಗಂಟೆಯ ಹಂಚಿಕೆ ಸಾಲದಾಯಿತು. ಕಾರ್ಡಿನ ಮೂಲಕ ಕೋರಿಕೆ ಕೊಟ್ಟರೆ ಯಾವ ಫೈಲನ್ನಾದರೂ ಮುದ್ರಿಸಿಕೊಡುವ ಒಂದು ಹಳೆಯ ದಾರಿ ಉಳಿದಿತ್ತು. 1962ರ ಒಂದು ಶುಕ್ರವಾರ ರಾತ್ರಿ ಅವನು ಪಾಸ್‌ವರ್ಡುಗಳ ಫೈಲಿನ ಹೆಸರು ಬರೆದು ಕಾರ್ಡು ಕೊಟ್ಟ. ಶನಿವಾರ ಬೆಳಿಗ್ಗೆ ಹೋದರೆ ಎಲ್ಲರ ಪಾಸ್‌ವರ್ಡೂ ಅಚ್ಚಾಗಿ ಮೇಜಿನ ಮೇಲೆ ಕಾದಿತ್ತು. ಬೇರೆಯವರ ಖಾತೆಯಿಂದ ಅವನು ತನ್ನ ಸಂಶೋಧನೆ ಮುಂದುವರಿಸಿದ. ಇನ್ನೂ ಕೆಲವರಿಗೆ ಆ ಪಟ್ಟಿ ಹಂಚಿದ. ಇಪ್ಪತ್ತೈದು ವರ್ಷಗಳಾದ ಮೇಲೆ ಕೊರ್ಬಾಟೊ ಎದುರು ತಪ್ಪೊಪ್ಪಿಕೊಂಡ. ಇದನ್ನೆಲ್ಲ ಮುಂದೆ ಬರೆದು ತಿಳಿಸಿದವನೂ ಅವನೇ.

ಇಪ್ಪತ್ತೈದು ವರ್ಷ! ಓದಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಅದೇ ವ್ಯವಸ್ಥೆಯಲ್ಲಿ 1966ರಲ್ಲಿ ಇನ್ನೊಂದು ಫಜೀತಿಯಾಯಿತು. ಉಸ್ತುವಾರಿಯ ಇಬ್ಬರು ಒಂದೇ ಹೊತ್ತಿಗೆ ಒಂದೇ ಕಪಾಟಿನಲ್ಲಿ ಕೆಲಸ ಮಾಡುತ್ತಿದ್ದರು. ಒಬ್ಬರು ಪಾಸ್‌ವರ್ಡುಗಳ ಫೈಲನ್ನು, ಇನ್ನೊಬ್ಬರು ದಿನದ ಸೂಚನೆಯ ಫೈಲನ್ನು ತಿದ್ದುತ್ತಿದ್ದರು. ತಿದ್ದುವ ಪ್ರೋಗ್ರಾಮು ಇಬ್ಬರ ಕರಡಿಗೂ ಒಂದೇ ತಾತ್ಕಾಲಿಕ ಹೆಸರು ಇಟ್ಟುಬಿಟ್ಟಿತು. ಫೈಲುಗಳು ಅದಲುಬದಲಾದವು. ಆಮೇಲೆ ಒಳಗೆ ಬಂದವರಿಗೆಲ್ಲ ಅಂದಿನ ಸೂಚನೆಯ ಜಾಗದಲ್ಲಿ ಎಲ್ಲರ ಪಾಸ್‌ವರ್ಡೂ ಸಾಲಾಗಿ ಕಾಣಿಸಿದವು. ಯಾರೂ ಕದಿಯಲಿಲ್ಲ; ಮನೆಯೇ ತನ್ನ ಗುಟ್ಟನ್ನು ಬಾಗಿಲಿಗೆ ಬರೆದು ತೂಗುಹಾಕಿತು.

ಈ ಎರಡು ಘಟನೆಗಳಿಗೂ ಕಾರಣ ಒಂದೇ. ಪಾಸ್‌ವರ್ಡುಗಳನ್ನು ಇದ್ದ ಹಾಗೆಯೇ ಬರೆದಿಟ್ಟ ಒಂದು ಫೈಲು ಯಂತ್ರದಲ್ಲಿತ್ತು.

*

ಹಾಗೆ ಬರೆದಿಡದೇ ಪಾಸ್‌ವರ್ಡನ್ನು ಪರೀಕ್ಷಿಸುವುದು ಹೇಗೆ? ಇದಕ್ಕೆ ಉತ್ತರ ಹೊಳೆದದ್ದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ರೋಜರ್ ನೀಡಮ್ ಎಂಬ ವಿಜ್ಞಾನಿಗೆ. ಮಾರಿಸ್ ವಿಲ್ಕ್ಸ್ 1968ರ ತಮ್ಮ ಪುಸ್ತಕದಲ್ಲಿ ಇದನ್ನು ದಾಖಲಿಸಿದರು. ಉಪಾಯ ಸರಳ. ಅಕ್ಕಿಯನ್ನು ಬೀಸಿ ಹಿಟ್ಟು ಮಾಡಬಹುದು, ಹಿಟ್ಟನ್ನು ತಿರುಗಿ ಅಕ್ಕಿ ಮಾಡಲಾಗದು. ಯಂತ್ರವು ಪಾಸ್‌ವರ್ಡನ್ನು ಗಣಿತದ ಬೀಸುಕಲ್ಲಿಗೆ ಹಾಕಿ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳಲಿ. ಮುಂದಿನ ಸಲ ಬಂದವನು ಒತ್ತಿದ ಮಾತನ್ನೂ ಬೀಸಿ, ಎರಡೂ ಹಿಟ್ಟು ಒಂದೇ ಆದರೆ ಒಳಗೆ ಬಿಡಲಿ. ಆಗ ಫೈಲು ಬಯಲಾದರೂ ಸಿಗುವುದು ಹಿಟ್ಟು ಮಾತ್ರ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸ್ ಕಟ್ಟಲು ಶುರುಮಾಡಿದರು. ನಾನು ಹೇಳಿದ ಆ ಅಂಕಿಗಳ ಹಕ್ಕುಪತ್ರ ಅಲ್ಲಿ ಬೆಳೆದದ್ದು. ಮೊದಮೊದಲು ಒಡೆಯ ಮತ್ತು ಉಳಿದವರು ಎಂದು ಎರಡೇ ಭಾಗ ಇದ್ದವು, ಗುಂಪು ಆಮೇಲೆ ಸೇರಿತು. ಪಾಸ್‌ವರ್ಡನ್ನು ಬೀಸಿ ಇಡುವುದನ್ನೂ ಅವರು ತಂದರು. ಆದರೆ ಅವರ ಮೊದಲ ಬೀಸುಕಲ್ಲು ಒಂದು ಹಳೆಯ ಅಮೆರಿಕನ್ ಸೈನ್ಯದ ಗುಪ್ತಲಿಪಿ ಯಂತ್ರದ ಮಾದರಿಯದು. ಅದು ಬಹಳ ಬೇಗ ಬೀಸುತ್ತಿತ್ತು. ಬೇಗ ಬೀಸುವುದೇ ಅದರ ದೋಷವಾಯಿತು. ಕದ್ದವನೂ ಅಷ್ಟೇ ಬೇಗ ಲಕ್ಷಗಟ್ಟಲೆ ಮಾತುಗಳನ್ನು ಬೀಸಿ ಹಿಟ್ಟು ತಾಳೆ ನೋಡಬಹುದಲ್ಲ!

1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಥಾಂಪ್ಸನ್ ಬರೆದ ಒಂದು ಲೇಖನ ಈ ಎಲ್ಲವನ್ನೂ ಬಿಚ್ಚಿ ಹೇಳುತ್ತದೆ. ಅವರು ಮಾಡಿದ್ದು ಎರಡು ಕೆಲಸ. ಒಂದು, ಅಮೆರಿಕದ ಸರ್ಕಾರ 1977ರಲ್ಲಿ ಒಪ್ಪಿದ ಡಿಇಎಸ್ ಎಂಬ ಗುಪ್ತಲಿಪಿಯನ್ನು ಆಧರಿಸಿ, ಅದನ್ನು 25 ಸಲ ತಿರುಗಿಸಿ, ಬೀಸುಕಲ್ಲನ್ನು ಬೇಕೆಂದೇ ನಿಧಾನ ಮಾಡಿದರು. ಎರಡು, ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೀಸುವ ಮುಂಚೆ 4096 ಬಗೆಗಳಲ್ಲಿ ಯಾವುದೋ ಒಂದು ಉಪ್ಪನ್ನು ಬೆರೆಸಿದರು. ಉಪ್ಪು ಎಂಬುದು ನನ್ನ ಮಾತಲ್ಲ, ಅವರೇ ಇಟ್ಟ ಹೆಸರು. ಇಬ್ಬರ ಪಾಸ್‌ವರ್ಡು ಒಂದೇ ಆಗಿದ್ದರೂ ಉಪ್ಪು ಬೇರೆಯಾದರೆ ಹಿಟ್ಟಿನ ರುಚಿ ಬೇರೆ; ಒಂದೇ ಸಲ ಬೀಸಿಟ್ಟುಕೊಂಡು ಎಲ್ಲರದನ್ನೂ ಹಿಡಿಯುವುದು ಕಷ್ಟ.

ಇಷ್ಟಾದರೂ ಮನುಷ್ಯನ ಸ್ವಭಾವ ಎಲ್ಲಿ ಹೋಗಬೇಕು? ಅದೇ ಲೇಖನದಲ್ಲಿ ಅವರು ಬಳಕೆದಾರರಿಂದ ಕಲೆಹಾಕಿದ 3,289 ಪಾಸ್‌ವರ್ಡುಗಳ ಲೆಕ್ಕ ಇದೆ. 15 ಜನ ಒಂದೇ ಅಕ್ಷರ ಇಟ್ಟಿದ್ದರು. ತೀರಾ ಚಿಕ್ಕವು, ನಿಘಂಟಿನಲ್ಲಿ ಸಿಗುವ ಪದಗಳು, ಹೆಸರುಗಳು, ಎಲ್ಲ ಸೇರಿ ಶೇಕಡಾ 86 ಪಾಸ್‌ವರ್ಡುಗಳು ಸುಲಭಕ್ಕೆ ಸಿಗುವಂಥವು. ನಮ್ಮ ಕಾಲೇಜಿನಲ್ಲೂ ಅಷ್ಟೆ. ಹೆಂಡತಿಯ ಹೆಸರು, ಮನೆದೇವರ ಹೆಸರು, ಸ್ಕೂಟರಿನ ನಂಬರು. ಖಾತೆ ತೆರೆದುಕೊಡುವಾಗ "ನೀವೇ ಏನಾದ್ರೂ ಇಟ್ಟುಬಿಡಿ" ಎನ್ನುತ್ತಿದ್ದವರೂ ಇದ್ದರು.

ದೊಡ್ಡವರೂ ಇದಕ್ಕೆ ಹೊರತಲ್ಲ ಎಂಬುದು 2019ರಲ್ಲಿ ಗೊತ್ತಾಯಿತು. ಯೂನಿಕ್ಸ್ ಕಟ್ಟಿದವರ ಪಾಸ್‌ವರ್ಡುಗಳ ಹಿಟ್ಟು 1980ರ ಸುಮಾರಿನ ಒಂದು ಹಳೆಯ ಫೈಲಿನಲ್ಲಿ ಉಳಿದುಕೊಂಡಿತ್ತು. ಆಸಕ್ತರು ಕೂತು ಅದನ್ನು ಬಿಡಿಸಿದರು. ಬ್ರಯಾನ್ ಕರ್ನಿಘನ್‌ರದು ಕೀಲಿಮಣೆಯಲ್ಲಿ ಅಕ್ಕಪಕ್ಕ ಇರುವ ಮೂರು ಚಿಹ್ನೆಗಳು, ಎರಡು ಸಲ. ಇಂಥವು ಬೇಗ ಸಿಕ್ಕಿದವು. ಥಾಂಪ್ಸನ್‌ರದು ಮಾತ್ರ ಬಹಳ ಕಾಲ ದಕ್ಕಲಿಲ್ಲ. ಕೊನೆಗೆ ಆಧುನಿಕ ಯಂತ್ರವೊಂದು ನಾಲ್ಕು ದಿನಕ್ಕೂ ಹೆಚ್ಚು ಹೊತ್ತು ಬೀಸಿ ಅದನ್ನು ಹೊರತೆಗೆಯಿತು. ಎಂಟು ಅಕ್ಷರ, ಅದು ಚದುರಂಗದ ಒಂದು ನಡೆ. ರಾಣಿಯ ಮುಂದಿನ ಪದಾತಿಯನ್ನು ಎರಡು ಮನೆ ಮುಂದಕ್ಕೆ ನಡೆಸು ಎಂಬುದನ್ನು ಹಳೆಯ ಕ್ರಮದಲ್ಲಿ ಬರೆದು ಕೊನೆಗೊಂದು ಆಶ್ಚರ್ಯಸೂಚಕ ಹಾಕಿದ್ದು. ಚದುರಂಗ ಆಡುವ ಯಂತ್ರವನ್ನು ಕಟ್ಟಿದವರಲ್ಲಿ ಒಬ್ಬರಾದ ಮನುಷ್ಯನಿಗೆ ತಕ್ಕ ಗುಟ್ಟು. ಥಾಂಪ್ಸನ್ ಆಗ ಬದುಕಿದ್ದರು, ಬಿಡಿಸಿದವರನ್ನು ಅಭಿನಂದಿಸಿದರು.

ಮಾರಿಸ್ ಅವರಿಗೆ ಇಂಥ ನಗು ಸಿಗಲಿಲ್ಲ. 1988ರ ನವೆಂಬರ್ 2ರಂದು ಅವರ ಮಗನೇ, ಆಗ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ತಾನೇ ತಾನಾಗಿ ಹರಡುವ ಒಂದು ಪ್ರೋಗ್ರಾಮನ್ನು ಜಾಲಕ್ಕೆ ಬಿಟ್ಟ. ಅದು ಒಳನುಗ್ಗುತ್ತಿದ್ದ ದಾರಿಗಳಲ್ಲಿ ಒಂದು, ಜನ ಇಟ್ಟುಕೊಳ್ಳುವ ಸುಲಭದ ಪಾಸ್‌ವರ್ಡುಗಳನ್ನು ಊಹಿಸುವುದು. ತಂದೆ ಒಂಬತ್ತು ವರ್ಷಗಳ ಹಿಂದೆ ಎಚ್ಚರಿಸಿದ್ದ ಅದೇ ದೌರ್ಬಲ್ಯ. ತಂದೆ ಆಗ ಸರ್ಕಾರದ ಕಂಪ್ಯೂಟರು ಭದ್ರತಾ ಕೇಂದ್ರದಲ್ಲಿ ಮುಖ್ಯ ವಿಜ್ಞಾನಿ. ಸಾವಿರಾರು ಯಂತ್ರಗಳು ಮಂಡಿಯೂರಿದವು. ಮಗನಿಗೆ ಜೈಲಾಗಲಿಲ್ಲ, ಮೂರು ವರ್ಷದ ಪ್ರೊಬೇಷನ್, 400 ಗಂಟೆಗಳ ಸಮಾಜಸೇವೆ ಮತ್ತು ದಂಡ ಬಿತ್ತು. ನಾನು ಹೇಳಿದೆನಲ್ಲ, ಇದು ಕಳ್ಳರ ಚರಿತ್ರೆಯಲ್ಲ, ಮನೆಯವರ ಚರಿತ್ರೆ.

*

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಾಗಿಲಿನ ಬೀಗಗಳ ಮಾತು. ನನ್ನ ತಪ್ಪು ಇವುಗಳಲ್ಲಿ ಯಾವುದರಿಂದಲೂ ತಪ್ಪುತ್ತಿರಲಿಲ್ಲ. ಫಿಸಿಕ್ಸ್ ಮೇಷ್ಟ್ರ ಪಾಸ್‌ವರ್ಡನ್ನು ನಾನು ಕದ್ದಿರಲಿಲ್ಲ. ಅವರ 600 ಅನ್ನು ಮುರಿಯಲೂ ಇಲ್ಲ. ಆ ಅಂಕಿ ನನಗೆ ಅನ್ವಯಿಸುತ್ತಲೇ ಇರಲಿಲ್ಲ. ಫೈಲಿನ ಹಕ್ಕುಗಳನ್ನು ಕಾಯುವುದು ಯಂತ್ರದ ಕೇಂದ್ರ ವ್ಯವಸ್ಥೆ. ಅದು ತನ್ನ ಯಜಮಾನನನ್ನು ಕೇಳುವುದಿಲ್ಲ. ಅಷ್ಟೇ ಅಲ್ಲ, ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿದರೆ ಆ ಯಂತ್ರದ ರೂಟ್‌ಗೆ ಹಳೆಯ ಯಂತ್ರದ ಮರ್ಯಾದೆಗಳು ಯಾವುವೂ ಇಲ್ಲ.

ಎಂಐಟಿಯ ಜೆರೋಮ್ ಸಾಲ್ಟ್‌ಝರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲಿ ಒಂದು ಲೇಖನ ಬರೆದು, ಯಾರಿಗೇ ಆಗಲಿ ಯಾವ ಪ್ರೋಗ್ರಾಮಿಗೇ ಆಗಲಿ ಅದರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಿ ಎಂಬ ತತ್ವವನ್ನು ಹೇಳಿದ್ದರು. ನಾನು ಅದನ್ನು ಓದಿದ್ದು ತಡವಾಗಿ. ನಮ್ಮ ಯಂತ್ರದಲ್ಲಿ ನಾನು ಪ್ರಶ್ನೆಪತ್ರಿಕೆ ಟೈಪು ಮಾಡುವಾಗಲೂ ರೂಟ್ ಆಗಿಯೇ ಕೂತಿರುತ್ತಿದ್ದೆ. ಅದೊಂದು ದೊಡ್ಡಸ್ತಿಕೆ ನನಗೆ. ಒಬ್ಬರ ಅರ್ಜಿ ಓದಲು ನಾನು ಬಾಗಿಲು ಒಡೆಯಬೇಕಾಗಿ ಬಂದಿದ್ದರೆ ಬಹುಶಃ ಓದುತ್ತಿರಲಿಲ್ಲ. ಬಾಗಿಲೇ ಕಾಣಿಸದಷ್ಟು ಅಧಿಕಾರ ಇದ್ದದ್ದು ತೊಂದರೆಯಾಯಿತು.

ಕೈಗೊಂಚಲು ಇದ್ದವನಿಂದಲೂ ಕಾಗದವನ್ನು ಕಾಯಬೇಕೆಂದರೆ ಬೀಗ ಬಾಗಿಲಿಗಲ್ಲ, ಕಾಗದದ ಮೇಲಿನ ಅಕ್ಷರಗಳಿಗೇ ಬೀಳಬೇಕು. ಅದೇ ಗುಪ್ತಲಿಪಿ. ಯಾರು ಬೇಕಾದರೂ ಫೈಲು ತೆರೆಯಲಿ, ಬೀಗದ ಕೈ ಇಲ್ಲದವನಿಗೆ ಕಾಣುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಬಹಳ ಕಾಲ ಇದು ರಾಯಭಾರಿಗಳ, ಸೈನ್ಯದವರ ಸೊತ್ತಾಗಿತ್ತು. ಡಿಇಎಸ್ ಬಂದ ಮೇಲೆ ಬ್ಯಾಂಕುಗಳಿಗೆ ಇಳಿಯಿತು. ಅದರ ಬೀಗದ ಕೈ 56 ಬಿಟ್ಟುಗಳದು. ಅಂದರೆ ಸುಮಾರು 72 ಸಾವಿರ ಲಕ್ಷ ಕೋಟಿ ಕೈಗಳಲ್ಲಿ ಒಂದು ಸರಿಯಾದ್ದು. ಸಾಕಷ್ಟು ದೊಡ್ಡದು ಎನ್ನಿಸುತ್ತದೆ. ಆದರೆ 1998ರಲ್ಲಿ ಅಮೆರಿಕದ ಒಂದು ನಾಗರಿಕ ಹಕ್ಕುಗಳ ಸಂಸ್ಥೆ ಎರಡೂವರೆ ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನಲ್ಲಿ ಯಂತ್ರವೊಂದನ್ನು ಕಟ್ಟಿ 56 ಗಂಟೆಗಳಲ್ಲಿ ಸರಿಯಾದ ಕೈಯನ್ನು ಹುಡುಕಿ ತೋರಿಸಿತು. ಅದರ ಜಾಗಕ್ಕೆ ಬೆಲ್ಜಿಯಮ್ಮಿನ ಇಬ್ಬರು ರಚಿಸಿದ ಎಇಎಸ್ ಎಂಬ ಹೊಸ ಲಿಪಿ 2001ರಲ್ಲಿ ಬಂತು. ಇದರ ಅತಿ ಚಿಕ್ಕ ಬೀಗದ ಕೈ 128 ಬಿಟ್ಟುಗಳದು. ಸಾಧ್ಯವಿರುವ ಕೈಗಳನ್ನು ಎಣಿಸಿದರೆ 39 ಅಂಕಿಗಳ ಸಂಖ್ಯೆ ಬರುತ್ತದೆ. ಲೋಕದ ಕಂಪ್ಯೂಟರುಗಳನ್ನೆಲ್ಲ ಕಟ್ಟಿ ದುಡಿಸಿದರೂ ಒಂದೊಂದಾಗಿ ತಿರುಗಿಸಿ ನೋಡಿ ಮುಗಿಯುವ ಲೆಕ್ಕವಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಇಡೀ ಡಿಸ್ಕನ್ನೇ ಈ ಲಿಪಿಯಲ್ಲಿ ಬರೆದಿಡುವ ಸೌಕರ್ಯ ಮಾಮೂಲಿ ಲ್ಯಾಪ್‌ಟಾಪುಗಳಿಗೂ ಬಂತು.

ಕೊನೆಗೂ ನನ್ನಂಥವನಿಂದ ಮೇಷ್ಟ್ರಂಥವರನ್ನು ಕಾಯುವ ಬೀಗ ಸಿಕ್ಕಿತು ಎಂದುಕೊಂಡೆ. ಅದರ ಬೆಲೆ ಏನೆಂದು ಆಗ ತಿಳಿದಿರಲಿಲ್ಲ.

*

ಫಿಸಿಕ್ಸ್ ಮೇಷ್ಟ್ರು ನಿವೃತ್ತಿಯಾಗುವವರೆಗೂ ಅದೇ ಕಾಲೇಜಿನಲ್ಲಿದ್ದರು. ನನ್ನ ಜೊತೆ ಮಾತು ಬಿಡಲಿಲ್ಲ. ಆದರೆ ಮಳೆ, ಪರೀಕ್ಷೆ, ಬಸ್ಸಿನ ಸಮಯ ಇವುಗಳಾಚೆ ಮಾತು ಹೋಗಲೂ ಇಲ್ಲ. ಶೆರ್ ಇಪ್ಪತ್ತೈದು ವರ್ಷಕ್ಕಾದರೂ ಒಪ್ಪಿಕೊಂಡ. ನಾನು ಇವತ್ತು, ನಾಳೆ ಎಂದು ಮುಂದೂಡುತ್ತಾ ಹೋದೆ. 2018ರ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಎರಡು ತಿಂಗಳಾದ ಮೇಲೆ ಅವರ ಮಗಳು ಒಂದು ಲ್ಯಾಪ್‌ಟಾಪು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವಳು, ರಜೆ ಹಾಕಿ ಬಂದಿದ್ದಳು.

"ಅಂಕಲ್, ಇದು ತೆಗೆಯೋಕೆ ಆಗ್ತಿಲ್ಲ. ಅಪ್ಪ ಯಾವಾಗಲೂ ಹೇಳ್ತಿದ್ರು, ಕಂಪ್ಯೂಟರ್ ವಿಷಯ ಏನಿದ್ರೂ ನಿಮ್ಮನ್ನೇ ಕೇಳಬೇಕು ಅಂತ."

ನನ್ನ ಹೆಂಡತಿ ಕಾಫಿ ತಂದಿಟ್ಟಳು. ನನಗೆ ಲೋಟ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಮಗಳಿಗೆ ಏನನ್ನೂ ಹೇಳಿರಲಿಲ್ಲ.

ಯಂತ್ರ ಹಚ್ಚಿದೆ. ಲಿನಕ್ಸ್, ನಮ್ಮ ಹಳೆಯ ಯೂನಿಕ್ಸ್‌ನ ಪಡಿಯಚ್ಚಿನಲ್ಲೇ ಬೆಳೆದದ್ದು. ಬರಿಯ ಖಾತೆಯ ಪಾಸ್‌ವರ್ಡಾಗಿದ್ದರೆ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿ ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಿದ್ದೆ. ಆದರೆ ಅದು ವ್ಯವಸ್ಥೆ ಏಳುವ ಮುಂಚೆಯೇ ಗುಟ್ಟಿನ ಮಾತು ಕೇಳಿತು. ಇಡೀ ಡಿಸ್ಕು ಗುಪ್ತಲಿಪಿಯಲ್ಲಿತ್ತು.

ಒಳಗೆ ಏನಿದೆಯಮ್ಮ ಎಂದು ಕೇಳಿದೆ. ಮನೆಯವರ ಫೋಟೋಗಳು, ಒಂದಷ್ಟು ಬರವಣಿಗೆ, ಮತ್ತೆ ಮಳೆಯ ಲೆಕ್ಕ. 2006ರವರೆಗಿನ ಮಳೆ ನೋಟ್‌ಬುಕ್ಕುಗಳಲ್ಲಿ ಇತ್ತು. ಆಮೇಲೆ ಅವರು ನೇರ ಕಂಪ್ಯೂಟರಿಗೇ ಬರೆಯತೊಡಗಿದ್ದರಂತೆ. ಹನ್ನೆರಡು ವರ್ಷದ ಮಳೆ ಆ ಪೆಟ್ಟಿಗೆಯೊಳಗೆ.

ಅವತ್ತು ಸಂಜೆಯವರೆಗೂ ನಾವಿಬ್ಬರೂ ಕೂತು ಊಹಿಸಿದೆವು. ಮಗಳ ಹೆಸರು, ಹೆಂಡತಿಯ ಹೆಸರು, ಮನೆದೇವರು, ಹುಟ್ಟಿದ ದಿನ, ಊರ ಹೆಸರು, ಮಳೆ ನಕ್ಷತ್ರಗಳ ಹೆಸರು. ಆರಿದ್ರಾ, ಪುನರ್ವಸು, ಪುಷ್ಯ ಎಂದು ಒಂದೊಂದಾಗಿ ಒತ್ತಿದೆವು. ಮಾರಿಸ್ ಮತ್ತು ಥಾಂಪ್ಸನ್‌ರ ಆ ಶೇಕಡಾ 86ರ ಜಾಡಿನಲ್ಲಿ ನನಗೆ ತೋಚಿದ್ದೆಲ್ಲ ಮಾಡಿ ನೋಡಿದೆ. ಒಂದು ಸಲ, ಅವಳು ಆಚೆ ಹೋಗಿದ್ದಾಗ, ಮೈಸೂರು ಎಂದೂ ಒತ್ತಿದೆ. ಆರುನೂರು ಎಂದೂ ಒತ್ತಿದೆ. ತೆರೆಯಲಿಲ್ಲ. ಮೇಷ್ಟ್ರು ಉಳಿದ ಶೇಕಡಾ 14ರವರಾಗಿದ್ದರು. ಅವರಿಗೆ ಆ ಪಾಠ ಯಾರಿಂದ ಆಗಿತ್ತೆಂದು ನನಗೆ ಗೊತ್ತಿತ್ತು.

"ನಿಮ್ಮ ಕೈಲೂ ಆಗಲ್ವಾ ಅಂಕಲ್?" ಎಂದಳು.

"ಯಾರ ಕೈಲೂ ಆಗಲ್ಲಮ್ಮ" ಎಂದೆ. ಆಮೇಲೆ 1991ರ ಕಥೆಯನ್ನು ಅವಳಿಗೆ ಹೇಳಿದೆ. ಅರ್ಜಿ, ಸ್ಟಾಫ್ ರೂಮು, ಆರುನೂರು, ಎಲ್ಲ. ಹೇಳಬೇಕಾದವರಿಗೆ ಹೇಳದೇ ಉಳಿದದ್ದನ್ನು ಹಾಗೆ ಅವರ ಮಗಳಿಗೆ ಹೇಳಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಅವಳು ಸುಮ್ಮನೆ ಕೇಳಿಸಿಕೊಂಡಳು. "ಅದಕ್ಕೇ ನಾವು ಮೈಸೂರಿಗೆ ಹೋಗ್ಲಿಲ್ವಾ?" ಎಂದಳು ಅಷ್ಟೆ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು, ನನ್ನ ಹೆಂಡತಿ ಕೊಟ್ಟ ಕುಂಕುಮ ಇಟ್ಟುಕೊಂಡು ಹೊರಟಳು. ಮುಂದಿನ ದೀಪಾವಳಿಗೆ ಅವಳಿಂದ ಒಂದು ಫೋನು ಬಂತು. ಆಮೇಲೂ ಆಗೀಗ ಬರುತ್ತದೆ.

ಪಾಸ್‌ವರ್ಡನ್ನು ಲೋಕಕ್ಕೆ ತಂದ ಕೊರ್ಬಾಟೊ 2019ರಲ್ಲಿ ತೀರಿಕೊಂಡರು. ಅದು ಈಗ ಒಂದು ದುಃಸ್ವಪ್ನವೇ ಆಗಿಬಿಟ್ಟಿದೆ ಎಂದು ಅವರೇ 2014ರಲ್ಲಿ ಒಂದು ಪತ್ರಿಕೆಗೆ ಹೇಳಿದ್ದರು. ಅರವತ್ತು ವರ್ಷಗಳ ಈ ಚರಿತ್ರೆಯನ್ನು ನಾನು ನೋಡುವುದು ಹೀಗೆ: ನಾವು ಒಂದೊಂದು ಬೀಗವನ್ನೂ ಯಾರನ್ನಾದರೂ ನಂಬುವ ಕಷ್ಟ ತಪ್ಪಲಿ ಎಂದು ಮಾಡಿದೆವು. ಖಾತೆ ಬಂದಾಗ ಪಕ್ಕದವನನ್ನು ನಂಬುವ ಕಷ್ಟ ತಪ್ಪಿತು, ಪಾಸ್‌ವರ್ಡನ್ನು ಬೀಸಿಟ್ಟಾಗ ಫೈಲನ್ನು ನಂಬುವ ಕಷ್ಟ ತಪ್ಪಿತು, ಗುಪ್ತಲಿಪಿ ಬಂದಾಗ ಉಸ್ತುವಾರಿಯವನನ್ನು ನಂಬುವ ಕಷ್ಟವೂ ತಪ್ಪಿತು. ಕೊನೆಗೆ ಬೀಗದ ಕೈ ಒಬ್ಬನೇ ಒಬ್ಬನ ತಲೆಯೊಳಗೆ ಉಳಿಯಿತು. ಅವನು ಹೋದರೆ ಅವನ ಜೊತೆ ಹನ್ನೆರಡು ವರ್ಷದ ಮಳೆಯೂ ಹೋಯಿತು. ಅಜ್ಜಿ ತೀರಿಕೊಂಡ ದಿನ ಹೆಂಗಸರು ಮೊದಲು ಮಾಡಿದ ಕೆಲಸ, ಆ ಗೊಂಚಲನ್ನು ಬಿಚ್ಚಿ ದೊಡ್ಡಮ್ಮನ ಕೈಗೆ ಕೊಟ್ಟದ್ದು. ನಾನು ಚಿಕ್ಕವನು, ಅಳುವಿನ ನಡುವೆ ಅದೇನು ಅವಸರ ಎಂದು ಆಗ ಅನ್ನಿಸಿತ್ತು.

ಕಳೆದ ವರ್ಷ ನಾನು ನನ್ನ ಕಂಪ್ಯೂಟರಿನ ಗುಟ್ಟಿನ ಮಾತನ್ನು ಒಂದು ಹಾಳೆಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿ ಹೆಂಡತಿಗೆ ಕೊಟ್ಟೆ.

"ಇದನ್ನ ಎಲ್ಲಿಡಲಿ?" ಎಂದಳು.

"ನಿಂಗೆ ಸರಿ ಕಂಡಲ್ಲಿ ಇಡು."

"ಒಡೆದು ನೋಡಿದ್ರೆ?"

"ನೋಡು" ಎಂದೆ.

ಅವಳು ಅದನ್ನು ಎಲ್ಲಿಟ್ಟಿದ್ದಾಳೆ ಎಂದು ಇವತ್ತಿನವರೆಗೂ ನಾನು ಕೇಳಿಲ್ಲ.